ಹಳೆಯ ಫಜ್ ಫೇಸ್, ರೀಇಶ್ಯೂ, ಕೈಯಲ್ಲಿ ಕಟ್ಟಿದ ಕ್ಲೋನ್: ಯಾವುದನ್ನು ಕೊಳ್ಳಲಿ?

ಬನಶಂಕರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು 15 ವಾಟ್‌ನ ವಾಲ್ವ್ ಆಂಪಿಗೆ ಜೋಡಿಸಿ ನುಡಿಸುತ್ತಿದ್ದೇನೆ. ಪರಿಚಿತರೊಬ್ಬರು 1960ರ ದಶಕದ ಕೊನೆಯ, ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಜ್ ಫೇಸ್ ಪೆಡಲ್ (ಗಿಟಾರಿನ ನಾದವನ್ನು ಒಡೆದು ದಪ್ಪಗೊಳಿಸುವ, ಕಾಲಿನಿಂದ ಒತ್ತುವ ಡಬ್ಬಿ) ಒಂದನ್ನು ಮಾರುತ್ತಿದ್ದಾರೆ. ಅವರು ಹೇಳುವ ಬೆಲೆಗೆ ಇನ್ನೊಂದು ಒಳ್ಳೆಯ ಗಿಟಾರನ್ನೇ ಕೊಳ್ಳಬಹುದು. ಅದೇ ಪೆಡಲಿನ ರೀಇಶ್ಯೂ, ಅಂದರೆ ಹಳೆಯ ಮಾದರಿಯನ್ನು ಈಗ ಮತ್ತೆ ತಯಾರಿಸಿದ್ದು, ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ. ನಮ್ಮ ಊರಿನಲ್ಲೇ ಅದರ ಕ್ಲೋನನ್ನು, ಅಂದರೆ ಅದೇ ನಕ್ಷೆಯ ನಕಲನ್ನು, ಕೈಯಲ್ಲಿ ಕಟ್ಟಿಕೊಡುವವರೂ ಇದ್ದಾರೆ. ಇವುಗಳನ್ನು ಬಳಸಿ ನೋಡಿದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಬೇಕು. ನಾನು ವಾ ಪೆಡಲನ್ನೂ (ಪಾದದಿಂದ ಏರಿಳಿಸಿದಾಗ ನಾದಕ್ಕೆ 'ವಾ ವಾ' ಎಂಬ ಏರಿಳಿತ ಕೊಡುವುದು) ಬಳಸುತ್ತೇನೆ, ವಾಸ ಅಪಾರ್ಟ್‌ಮೆಂಟಿನಲ್ಲಿ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ.

ಮಲ್ಲೇಶ್ವರದಿಂದ

ಕೆಲವು ತಿಂಗಳ ಕಾಲ ಈ ಮೂರೂ ಬಗೆಯವು ನನ್ನ ಮನೆಯಲ್ಲಿ ಒಟ್ಟಿಗೆ ಇದ್ದ ಕಾರಣ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮೊದಲು ಈ ಪೆಡಲ್ ಎಷ್ಟು ಸರಳ ಎಂಬುದನ್ನು ತಿಳಿದಿರಬೇಕು. 1966ರಲ್ಲಿ ಲಂಡನ್ನಿನಲ್ಲಿ ಐವರ್ ಆರ್ಬಿಟರ್ ಅವರು ಹೊರತಂದ ಈ ಪೆಡಲಿನ ದುಂಡು ಡಬ್ಬಿಗೆ ಮೈಕ್ ಸ್ಟ್ಯಾಂಡಿನ ಬುಡವೇ ಪ್ರೇರಣೆ. ಒಳಗಿರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ತಿರುಗುಗುಂಡಿ. ಒಟ್ಟು ಹನ್ನೊಂದು ಬಿಡಿಭಾಗಗಳು. ಇಷ್ಟು ಕಡಿಮೆ ಭಾಗಗಳಿರುವಲ್ಲಿ ಅಡಗಿಸಿಡಬಹುದಾದ ಗುಟ್ಟು ಯಾವುದೂ ಇಲ್ಲ. ನಕ್ಷೆ ಎಲ್ಲರಿಗೂ ಗೊತ್ತಿದೆ, ರೆಸಿಸ್ಟರ್ ಬೆಲೆ ರೂಪಾಯಿಗಳ ಲೆಕ್ಕದಲ್ಲಿದೆ. ಉಳಿಯುವುದು ಆ ಎರಡು ಟ್ರಾನ್ಸಿಸ್ಟರ್‌ಗಳು ಮಾತ್ರ, ಮತ್ತು ವ್ಯತ್ಯಾಸವೆಲ್ಲ ಅಲ್ಲಿಯೇ ಇದೆ.

ಮೊದಲ ವರ್ಷಗಳ ಪೆಡಲುಗಳಲ್ಲಿ ಎನ್‌ಕೆಟಿ 275 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್ ಹೆಚ್ಚಾಗಿ ಸಿಗುತ್ತದೆ, ಕೆಲವದರಲ್ಲಿ ಎಸಿ 128 ಕೂಡ ಇರುತ್ತದೆ. ಜರ್ಮೇನಿಯಂನ ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಳತೆ) ಒಂದೊಂದು ತುಂಡಿಗೂ ಬೇರೆಬೇರೆಯಾಗಿರುತ್ತದೆ. ಮೊದಲನೆಯದರ ಗೇನ್ 70–80ರ ಆಸುಪಾಸಿನಲ್ಲಿ, ಎರಡನೆಯದರದು 110–130ರ ಆಸುಪಾಸಿನಲ್ಲಿ ಇದ್ದರೆ ನಾವು ಬಯಸುವ ನಾದ ಬರುತ್ತದೆ ಎಂಬುದು ಕಟ್ಟುವವರ ನಡುವೆ ಬಹುಕಾಲದಿಂದ ಇರುವ ಲೆಕ್ಕ. ಇಂದು ಒಳ್ಳೆಯ ಕ್ಲೋನ್ ಕಟ್ಟುವವರು ಮಾಡುವಂತೆ ಅಂದಿನ ಪೆಡಲುಗಳಿಗೆ ಒಂದೊಂದು ಟ್ರಾನ್ಸಿಸ್ಟರನ್ನೂ ಅಳೆದು ಜೋಡಿ ಮಾಡುತ್ತಿರಲಿಲ್ಲವಾದ್ದರಿಂದ, ಒಂದೇ ವರ್ಷದ ಎರಡು ಹಳೆಯ ಪೆಡಲುಗಳಲ್ಲಿ ಒಂದು ಅದ್ಭುತವಾಗಿಯೂ ಇನ್ನೊಂದು ಮಂಕಾಗಿಯೂ ಇರುವುದು ಸಹಜ. ಆದ್ದರಿಂದ 'ಹಳೆಯ ಫಜ್ ಫೇಸ್ ಹೇಗಿರುತ್ತದೆ' ಎಂಬ ಪ್ರಶ್ನೆಗಿಂತ 'ಈ ಒಂದು ಪೆಡಲ್ ಹೇಗಿದೆ' ಎಂಬ ಪ್ರಶ್ನೆಯನ್ನೇ ಕೇಳಿಕೊಳ್ಳಿ.

ನಾನು ಮಾಡಿದ ಪರೀಕ್ಷೆ ಹೀಗಿತ್ತು. ಧ್ವನಿ ಕೊಂಚ ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳಿಸುವುದರಿಂದ ಮೂರರ ಮಟ್ಟವನ್ನೂ ಮೊದಲು ಸಮ ಮಾಡಿಕೊಂಡೆ. ಗೆಳೆಯರೊಬ್ಬರು ನನ್ನ ಬೆನ್ನ ಹಿಂದೆ ಕೇಬಲ್ ಬದಲಿಸುತ್ತಿದ್ದರು. ಫಜ್ ಗುಂಡಿಯನ್ನು ಪೂರ್ತಿ ತಿರುಗಿಸಿ ಗಿಟಾರಿನ ವಾಲ್ಯೂಮನ್ನು ಹತ್ತಕ್ಕಿಟ್ಟಾಗ ಯಾವುದು ಯಾವುದೆಂದು ನಾನು ಸರಿಯಾಗಿ ಹೇಳಲಾಗಲಿಲ್ಲ. ವಾಲ್ಯೂಮನ್ನು ಆರಕ್ಕೆ ಇಳಿಸಿದ ಕೂಡಲೇ ಚಿತ್ರ ಬದಲಾಯಿತು: ಹಳೆಯದು ಗಾಜಿನಂತೆ ತಿಳಿಯಾಯಿತು, ಕೈಯಲ್ಲಿ ಕಟ್ಟಿದ್ದು ಅದರ ಬೆನ್ನಿಗೇ ನಿಂತಿತು, ರೀಇಶ್ಯೂ ತುಸು ದಪ್ಪವಾಗಿಯೇ ಉಳಿಯಿತು. ರೀಇಶ್ಯೂವಿನ ಆ ದಪ್ಪ ದನಿ ನನಗೆ ಕೆಲವು ಕಡೆ ಇಷ್ಟವೂ ಆಯಿತು ಎಂಬುದನ್ನು ಹೇಳಲೇಬೇಕು. ಬೆರಳಿನ ಒತ್ತಡ ಮತ್ತು ವಾಲ್ಯೂಮ್ ಗುಂಡಿಯಿಂದಲೇ ನಾದವನ್ನು ಬದಲಿಸಿಕೊಂಡು ನುಡಿಸುವವರಿಗೆ ಮಾತ್ರ ಈ ವ್ಯತ್ಯಾಸ ಮುಖ್ಯ. ನೀವು ಅಂಥವರು ಹೌದೇ ಅಲ್ಲವೇ ಎಂಬುದನ್ನು ನೀವೇ ನಿರ್ಧರಿಸಿಕೊಳ್ಳಬೇಕು.

ಇನ್ನು ಸೆಕೆಯ ವಿಷಯ. ತಾಪಮಾನ ಸುಮಾರು ಹತ್ತು ಡಿಗ್ರಿ ಏರಿದಂತೆ ಜರ್ಮೇನಿಯಂ ಟ್ರಾನ್ಸಿಸ್ಟರಿನ ಸೋರಿಕೆ (ಬೇಡದಿದ್ದರೂ ಅದರೊಳಗೆ ಹರಿಯುವ ಸಣ್ಣ ವಿದ್ಯುತ್) ಸರಿಸುಮಾರು ಇಮ್ಮಡಿಯಾಗುತ್ತದೆ. ಎರಡನೆಯ ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಒಂದಾದ ಕಲೆಕ್ಟರ್‌ನಲ್ಲಿ ಸುಮಾರು 4.5 ವೋಲ್ಟ್ ಇರಬೇಕೆಂದು ಹೊಂದಿಸಿರುತ್ತಾರೆ. ಸೋರಿಕೆ ಹೆಚ್ಚಿದಾಗ ಆ ಅಳತೆ ಜರುಗಿ, ಎಳೆದು ನಿಲ್ಲಬೇಕಾದ ಸ್ವರ ಕರಕರ ಎಂದು ತುಂಡಾಗಿ ಸತ್ತುಹೋಗುತ್ತದೆ. ಡಿಸೆಂಬರಿನ ರಾತ್ರಿ ಹದಿನಾರು ಡಿಗ್ರಿಯಲ್ಲಿ ನನ್ನ ಹಳೆಯ ಪೆಡಲ್ ಕೇಳಿದವರು ಏಪ್ರಿಲಿನ ಮಧ್ಯಾಹ್ನ ಮೂವತ್ತೈದರಲ್ಲಿ ಕೇಳಿದರೆ ಅದೇ ಪೆಡಲ್ ಎಂದು ನಂಬಲಾರರು. ನಮ್ಮ ಊರಿನ ಹವೆ ಹಿತವಾದದ್ದೆಂದು ನಾವು ಹೆಮ್ಮೆಪಡುತ್ತೇವೆ, ಆದರೆ ತಾರಸಿಯ ಮೇಲಿನ ಕೋಣೆಯಲ್ಲಿ ಅಭ್ಯಾಸ ಮಾಡುವವರಿಗೆ ಆ ಹೆಮ್ಮೆ ಬೇಸಿಗೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ನನ್ನ ಕ್ಲೋನಿನಲ್ಲಿ ಆ ವೋಲ್ಟೇಜನ್ನು ಸರಿಹೊಂದಿಸುವ ಬಯಾಸ್ ಗುಂಡಿಯನ್ನು ಹೊರಗೇ ಇಡಿಸಿದ್ದೇನೆ, ಆದ್ದರಿಂದ ವರ್ಷಪೂರ್ತಿ ನಾನು ಹೆಚ್ಚಾಗಿ ಬಳಸುವುದು ಅದನ್ನೇ.

ರಾಜಾಜಿನಗರದಿಂದ

ನಾನು ಆಂಪ್ ಮತ್ತು ಪೆಡಲ್ ದುರಸ್ತಿ ಮಾಡುತ್ತೇನೆ. ಮಲ್ಲೇಶ್ವರದವರು ನಾದದ ಬಗ್ಗೆ ಬರೆದಿರುವುದನ್ನು ಒಪ್ಪುತ್ತೇನೆ. ನಾನು ಡಬ್ಬಿಯ ಒಳಗಿನ ಸಂಗತಿಯನ್ನು ಮಾತ್ರ ಸೇರಿಸುತ್ತೇನೆ.

ಹಳೆಯದನ್ನು ಕೊಳ್ಳುವುದಾದರೆ ಹಿಂಬದಿಯ ತಟ್ಟೆಯನ್ನು ತೆಗೆಸಿ, ಒಳಗಿನ ಚಿತ್ರಗಳನ್ನು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬೆಸುಗೆ ಎಲ್ಲ ಕಡೆಯೂ ಒಂದೇ ಬಗೆಯಲ್ಲಿ ಹಳತಾಗಿದೆಯೇ, ಒಂದೆರಡು ಕಡೆ ಮಾತ್ರ ಹೊಳೆಯುತ್ತಿದೆಯೇ ಎಂಬುದನ್ನು ಗಮನಿಸಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಐವತ್ತು ವರ್ಷಗಳಲ್ಲಿ ಒಣಗಿರುವ ಸಾಧ್ಯತೆ ಹೆಚ್ಚು; ಅವನ್ನು ಬದಲಿಸಿದ್ದರೆ ಅದು ದೋಷವಲ್ಲ, ಆದರೆ ತೆಗೆದ ಭಾಗಗಳನ್ನು ಪೊಟ್ಟಣದಲ್ಲಿಟ್ಟು ಕೊಡುವ ಮಾಲೀಕರನ್ನು ನಾನು ಹೆಚ್ಚು ನಂಬುತ್ತೇನೆ. ಟ್ರಾನ್ಸಿಸ್ಟರ್ ಬದಲಾಗಿದ್ದರೆ ಮಾತ್ರ ಬೆಲೆಯ ಮಾತನ್ನು ಮೊದಲಿನಿಂದ ಆರಂಭಿಸಬೇಕು. ಬೇರೆ ಟ್ರಾನ್ಸಿಸ್ಟರ್ ಮೇಲೆ ಎನ್‌ಕೆಟಿ 275 ಎಂದು ಹೊಸದಾಗಿ ಅಚ್ಚೊತ್ತಿ ಮಾರುವ ದಂಧೆ ಇರುವುದರಿಂದ ಮೇಲಿನ ಅಕ್ಷರವನ್ನಷ್ಟೇ ನೋಡಿ ತೃಪ್ತರಾಗಬೇಡಿ.

ಕ್ಲೋನ್ ಕಟ್ಟಿಸುವುದಾದರೆ ಕಟ್ಟುವವರಲ್ಲಿ ಮೂರು ಅಳತೆಗಳನ್ನು ಬರೆದುಕೊಡಲು ಕೇಳಿ: ಎರಡೂ ಟ್ರಾನ್ಸಿಸ್ಟರ್‌ಗಳ ಗೇನ್, ಅವುಗಳ ಸೋರಿಕೆ, ಮತ್ತು ಕಲೆಕ್ಟರ್ ವೋಲ್ಟೇಜ್. ಸಾಮಾನ್ಯ ಮಲ್ಟಿಮೀಟರ್ ಸೋರಿಕೆಯನ್ನೂ ಗೇನ್ ಎಂದೇ ಎಣಿಸುವುದರಿಂದ, ನಿಜವಾಗಿ 90 ಇರುವ ತುಂಡನ್ನು ಅದು 200 ಎಂದು ತೋರಿಸಬಹುದು. ಸೋರಿಕೆಯನ್ನು ಬೇರೆಯಾಗಿ ಅಳೆದು ಕಳೆದಿದ್ದೀರಾ ಎಂದು ಕೇಳಿದರೆ ಕಟ್ಟುವವರ ಅನುಭವ ಎಷ್ಟೆಂಬುದು ಅವರ ಉತ್ತರದಲ್ಲೇ ತಿಳಿಯುತ್ತದೆ.

ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಲಂಡನ್ನಿನ ಕಡೆಗೇ ನೋಡಬೇಕಾಗಿಲ್ಲ. ನಮ್ಮ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1962ರಿಂದಲೇ ಜರ್ಮೇನಿಯಂ ಬಿಡಿಭಾಗಗಳನ್ನು ತಯಾರಿಸಲಾರಂಭಿಸಿತು, ಮತ್ತು ಅದರ ಟ್ರಾನ್ಸಿಸ್ಟರ್‌ಗಳು ನಮ್ಮ ಅಜ್ಜಂದಿರ ರೇಡಿಯೊಗಳಲ್ಲಿ ಇಂದಿಗೂ ಸಿಗುತ್ತವೆ. ಎಸ್‌.ಪಿ. ರಸ್ತೆಯಲ್ಲಿ ಕೆಟ್ಟ ರೇಡಿಯೊಗಳನ್ನು ಕೊಂಡು ಬಿಚ್ಚಿ, ಹದಿನಾಲ್ಕು ತುಂಡುಗಳನ್ನು ಅಳೆದಾಗ ಫಜ್‌ಗೆ ಯೋಗ್ಯವಾದದ್ದು ನನಗೆ ಮೂರೇ ಸಿಕ್ಕವು. ಉಳಿದವುಗಳಲ್ಲಿ ಸೋರಿಕೆ ವಿಪರೀತವಾಗಿತ್ತು. ಆ ಮೂರರಲ್ಲಿ ಎರಡನ್ನು ಜೋಡಿಸಿ ಕಟ್ಟಿದ ಪೆಡಲನ್ನು ನಾನು ಯಾರಿಗೂ ಮಾರಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಹಳೆಯ ಜರ್ಮೇನಿಯಂ ಫಜ್‌ಗಳು ಪಿಎನ್‌ಪಿ ಬಗೆಯವು, ಅವುಗಳಲ್ಲಿ ಬ್ಯಾಟರಿಯ ಧನ ತುದಿ ಡಬ್ಬಿಗೆ ಸೇರಿರುತ್ತದೆ. ಅಂಥ ಪೆಡಲಿಗೆ ಕಿಂಡಿ ಕೊರೆದು, ಉಳಿದ ಪೆಡಲುಗಳಿಗೆ ಹೋಗುವ ಕವಲು ತಂತಿಯಿಂದಲೇ ವಿದ್ಯುತ್ ಕೊಟ್ಟರೆ ಅಡಾಪ್ಟರ್ ಶಾರ್ಟ್ ಆಗುತ್ತದೆ. ಬ್ಯಾಟರಿಯನ್ನೇ ಬಳಸಿ, ನುಡಿಸಿದ ಮೇಲೆ ಗಿಟಾರಿನ ಕೇಬಲನ್ನು ಕಿತ್ತಿಟ್ಟರೆ ಅದು ತಿಂಗಳುಗಟ್ಟಲೆ ಬಾಳುತ್ತದೆ.

ಜಯನಗರದಿಂದ

ವಾ ಪೆಡಲಿನ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಅದಕ್ಕಷ್ಟೇ ಉತ್ತರಿಸುತ್ತೇನೆ. ಫಜ್ ಫೇಸ್‌ಗೆ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ನೇರವಾಗಿ ತಾಗಬೇಕು. ವಾಲ್ಯೂಮ್ ಇಳಿಸಿದಾಗ ನಾದ ತಿಳಿಯಾಗುವುದು ಆ ನೇರ ಸಂಬಂಧದಿಂದಲೇ. ನಡುವೆ ಬಫರ್ (ಸಂಕೇತವನ್ನು ಬಲಪಡಿಸಿ ಮುಂದಕ್ಕೆ ಕಳುಹಿಸುವ ಪುಟ್ಟ ಸರ್ಕ್ಯೂಟ್) ಇರುವ ಪೆಡಲ್, ಟ್ಯೂನರ್ ಅಥವಾ ವೈರ್‌ಲೆಸ್ ಬಂದರೆ ಎಷ್ಟೇ ಬೆಲೆಯ ಫಜ್ ಆದರೂ ತಗಡಿನಂತೆ ಕಿರುಚುತ್ತದೆ. ವಾ ಪೆಡಲನ್ನು ಮುಂದಿಟ್ಟರೆ ಅದರ ಏರಿಳಿತ ಕುಗ್ಗುತ್ತದೆ, ಕೆಲವೊಮ್ಮೆ ತಾನಾಗಿಯೇ ಊಳಿಡುತ್ತದೆ. ಫಜ್ ಮೊದಲು, ವಾ ನಂತರ ಇಟ್ಟು ನೋಡಿ. ಅದು ಹಿಡಿಸದಿದ್ದರೆ ವಾ ಪೆಡಲಿನ ಹೊರತುದಿಗೆ, ವಾ ಚಾಲೂ ಇದ್ದಾಗ ಮಾತ್ರ ನಡುವೆ ಬರುವಂತೆ, ಸಣ್ಣ ಬಫರ್ ಹಾಕಿಸಬಹುದು.

ಬಸವನಗುಡಿಯಿಂದ

ನನ್ನಲ್ಲಿರುವ ಹಳೆಯದು ಜರ್ಮೇನಿಯಂ ಅಲ್ಲ, ಅದರ ನಂತರದ ಸಿಲಿಕಾನ್ ಫಜ್ ಫೇಸ್. ಹೊರದೇಶದಲ್ಲಿದ್ದ ಚಿಕ್ಕಪ್ಪನವರಿಂದ ಬಂದದ್ದು. ಸಿಲಿಕಾನ್‌ಗೆ ಸೆಕೆಯ ಕಾಟ ಬಹಳ ಕಡಿಮೆ, ನಾದ ಹರಿತ, ಗೇನ್ ಹೆಚ್ಚು. ಆ ಹೆಚ್ಚಿನ ಗೇನ್‌ಗೆ ಒಂದು ಬೆಲೆಯೂ ಇದೆ: ಅದು ರೇಡಿಯೊ ಅಲೆಗಳನ್ನು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಸಂಜೆ ನುಡಿಸುವುದನ್ನು ನಿಲ್ಲಿಸಿದಾಗ ಆಂಪಿನೊಳಗಿಂದ ಆಕಾಶವಾಣಿಯ ವಾರ್ತೆ ಮೆಲ್ಲಗೆ ಕೇಳಿಬರುತ್ತಿತ್ತು. ಮೊದಲ ಟ್ರಾನ್ಸಿಸ್ಟರಿನ ಬೇಸ್ ಮತ್ತು ಕಲೆಕ್ಟರ್ ನಡುವೆ 100 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಹಾಕಿಸಿದ ಮೇಲೆ ಅದು ನಿಂತಿತು.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಉಳಿದವರಿಗಿಂತ ಕೊಂಚ ಬೇರೆ. ಹಳೆಯದು ಕೈಗೆ ಬಂದರೆ ಇಟ್ಟುಕೊಳ್ಳಿ, ಅದನ್ನು ಜೋಪಾನ ಮಾಡುವುದರಲ್ಲಿ ದೊಡ್ಡ ಸಂತೋಷವಿದೆ. ಆದರೆ ವೇದಿಕೆಗೆ ಕೊಂಡೊಯ್ಯಲು ನೀವು ಹೆದರುವಂಥ ಬೆಲೆ ಕೊಟ್ಟು ಕೊಂಡರೆ ಅದು ಬೀರುವಿನಲ್ಲೇ ಉಳಿಯುತ್ತದೆ. ನನ್ನದು ಹನ್ನೊಂದು ವರ್ಷಗಳಲ್ಲಿ ಎರಡು ಬಾರಿ ಮಾತ್ರ ಮನೆಯಿಂದ ಹೊರಗೆ ಹೋಗಿದೆ.

ಕಲ್ಯಾಣನಗರದಿಂದ

ಫಜ್ ಎಂದರೆ ಫಜ್ ಫೇಸ್ ಒಂದೇ ಅಲ್ಲವೆಂದು ನೆನಪಿಸಲು ಬರೆಯುತ್ತಿದ್ದೇನೆ. ನ್ಯೂಯಾರ್ಕಿನ ಎಲೆಕ್ಟ್ರೊ-ಹಾರ್ಮೊನಿಕ್ಸ್ 1969ರಲ್ಲಿ ತಂದ ಬಿಗ್ ಮಫ್‌ನಲ್ಲಿ ನಾಲ್ಕು ಸಿಲಿಕಾನ್ ಟ್ರಾನ್ಸಿಸ್ಟರ್‌ಗಳಿವೆ. ಅಲ್ಲಿ ಒಂದೊಂದು ತುಂಡಿನ ವ್ಯತ್ಯಾಸಕ್ಕಿಂತ ಆವೃತ್ತಿಗಳ ವ್ಯತ್ಯಾಸವೇ ದೊಡ್ಡದು: ಟ್ರಯಾಂಗಲ್, ರಾಮ್ಸ್ ಹೆಡ್, 1990ರ ದಶಕದ ರಷ್ಯಾದ ಹಸಿರು ಡಬ್ಬಿ. ಈ ಹಳೆಯ ಆವೃತ್ತಿಗಳನ್ನು ಸಂಸ್ಥೆಯೇ ಈಗ ಚಿಕ್ಕ ಡಬ್ಬಿಗಳಲ್ಲಿ ಮತ್ತೆ ತಂದಿದೆ. ನನ್ನ ರಷ್ಯಾದ ಹಳೆಯದಕ್ಕೂ ಅದರ ಚಿಕ್ಕ ರೀಇಶ್ಯೂವಿಗೂ ಇರುವ ಅಂತರ ಟೋನ್ ಗುಂಡಿಯನ್ನು ಕಾಲು ಸುತ್ತು ತಿರುಗಿಸಿದರೆ ಆಗುವ ಬದಲಾವಣೆಗಿಂತ ಕಡಿಮೆ. ಈ ಪೆಡಲಿನಲ್ಲಿ ಮಾತ್ರ ರೀಇಶ್ಯೂ ಕೊಳ್ಳಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬಲ್ಲೆ. ಆದರೆ ಗಿಟಾರಿನ ವಾಲ್ಯೂಮ್ ಇಳಿಸಿದರೆ ಇದು ತಿಳಿಯಾಗುವುದಿಲ್ಲ, ಮತ್ತು ಇದರ ನಡುಸ್ವರಗಳು ಕುಗ್ಗಿರುವುದರಿಂದ ತಂಡದ ಜೊತೆ ನುಡಿಸುವಾಗ ಕಳೆದುಹೋಗುತ್ತದೆ.

ಅಪಾರ್ಟ್‌ಮೆಂಟಿನ ಬಗ್ಗೆಯೂ ಒಂದು ಮಾತು. ಫಜ್ ಫೇಸ್ ಚೆನ್ನಾಗಿ ಕೇಳಿಸುವುದು ವಾಲ್ವ್ ಆಂಪಿನ ನಾದವೂ ತಾನಾಗಿ ಒಡೆಯಲು ಶುರುವಾಗುವಷ್ಟು ಜೋರಾದ ಮಟ್ಟದಲ್ಲಿ. ನೆರೆಯವರಿಗಾಗಿ ಆಂಪನ್ನು ಒಂದಕ್ಕಿಟ್ಟು ಹೋಲಿಸಿದರೆ ಮೂರೂ ಬಗೆಯವು ಜೇನುಹುಳದಂತೆ ಗುಂಯ್‌ಗುಡುತ್ತವೆ. ಒಂದು ಗಂಟೆಯ ಮಟ್ಟಿಗಾದರೂ ಅಭ್ಯಾಸದ ಕೋಣೆಯನ್ನು ಬಾಡಿಗೆಗೆ ತೆಗೆದುಕೊಂಡು ಅಲ್ಲಿ ಪರೀಕ್ಷಿಸಿ.

ಬನಶಂಕರಿಯಿಂದ ಮತ್ತೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕಳೆದ ಭಾನುವಾರ ನನ್ನದೇ ಗಿಟಾರ್ ಮತ್ತು ಆಂಪ್ ತೆಗೆದುಕೊಂಡು ಮಾರುವವರ ಮನೆಗೆ ಹೋಗಿ, ಅವರ ಅನುಮತಿ ಪಡೆದು ಮಧ್ಯಾಹ್ನ ಎರಡು ಗಂಟೆಗೊಮ್ಮೆ, ರಾತ್ರಿ ಎಂಟು ಗಂಟೆಗೊಮ್ಮೆ ಹಳೆಯ ಪೆಡಲನ್ನು ನುಡಿಸಿದೆ. ರಾತ್ರಿ ಅದು ನಾನು ಕೇಳಿದ ಫಜ್‌ಗಳಲ್ಲೇ ಅತ್ಯಂತ ಸುಂದರವಾಗಿತ್ತು. ಮಧ್ಯಾಹ್ನ ಕೆಳತಂತಿಯ ಸ್ವರಗಳು ಎಳೆದು ನಿಲ್ಲದೆ ತುಂಡಾಗುತ್ತಿದ್ದವು. ಎರಡು ಹೊತ್ತಿನ ನಡುವೆ ಕಲೆಕ್ಟರ್ ವೋಲ್ಟೇಜ್ ಒಂದಕ್ಕಿಂತ ಹೆಚ್ಚು ವೋಲ್ಟ್ ಜರುಗಿತ್ತು. ಒಳಗಿನ ಬೆಸುಗೆ ಅಸಲಿಯಾಗಿಯೇ ಇತ್ತು, ಆದ್ದರಿಂದ ಅವರ ಬೆಲೆ ಅನ್ಯಾಯದ್ದೆಂದು ನಾನು ಹೇಳುವುದಿಲ್ಲ. ಮರುದಿನ ಮಲ್ಲೇಶ್ವರದವರ ಮನೆಯಲ್ಲಿ ಕ್ಲೋನನ್ನೂ ರೀಇಶ್ಯೂವನ್ನೂ ಕೇಳಿದೆ, ಮತ್ತು ವಾಲ್ಯೂಮನ್ನು ಆರಕ್ಕೆ ಇಳಿಸಿದಾಗ ಬರುವ ಆ ತಿಳಿನಾದವಿಲ್ಲದೆ ನನಗೆ ಆಗುವುದಿಲ್ಲವೆಂದು ಅರ್ಥವಾಯಿತು. ಎಸಿ 128 ಜೋಡಿಯ ಕ್ಲೋನ್ ಕಟ್ಟಲು ಹೇಳಿದ್ದೇನೆ, ಬಯಾಸ್ ಗುಂಡಿ ಹೊರಗಿರುತ್ತದೆ. ರಾಜಾಜಿನಗರದವರು ಹೇಳಿದ ಮೂರು ಅಳತೆಗಳನ್ನು ಕೇಳಿದಾಗ ಕಟ್ಟುವವರು ಸೋರಿಕೆಯನ್ನು ಕಳೆದೇ ಗೇನ್ ಬರೆದುಕೊಟ್ಟರು: ಮೊದಲನೆಯದು 78, ಎರಡನೆಯದು 121.