ಅಮ್ಮನ ಡಯಾಲಿಸಿಸ್ ನಡೆಯುತ್ತಿರುವಾಗ ನನಗೆ ಸಂತೋಷವಾಗುವುದು ತಪ್ಪೇ?

ಹೊಂಗೆನೆರಳು:

ನನ್ನ ಅಮ್ಮನಿಗೆ 66 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡಗಳು ಕೈಕೊಟ್ಟು, ಕಳೆದ 14 ತಿಂಗಳಿಂದ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ನಡೆಯುತ್ತಿದೆ. ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಬೆಳಗಿನ ಐದೂವರೆಯ ಬಸ್ಸಿಗೆ ಹೊರಟರೆ ಮನೆ ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಅವರನ್ನು ನೋಡಿಕೊಳ್ಳಲೆಂದು ನಾನು ಕೆಲಸ ಬಿಟ್ಟಿದ್ದೇನೆ.

ಮನೆಯ ಅಡುಗೆಯೇ ಬದಲಾಗಿದೆ. ಪೊಟ್ಯಾಸಿಯಂ ಕಡಿಮೆಯಾಗಲೆಂದು ಅಮ್ಮನ ಪಾಲಿನ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡಿ ಬಂದವರಿಗೆಲ್ಲ ಮುದ್ದೆಯ ಜೊತೆ ಬಡಿಸಿದ ಕೈ ಅವರದು. ಈಗ ಅದೇ ಕಟ್ಟು ಬಚ್ಚಲಿಗೆ ಹೋಗುವುದನ್ನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ನೋಡುತ್ತಾರೆ. ಅವರಿಗೆ ಆಗದ ಮೇಲೆ ನಮಗೂ ಬೇಡವೆಂದು ಬಸ್ಸಾರನ್ನೇ ನಿಲ್ಲಿಸಿಬಿಟ್ಟಿದ್ದೇನೆ.

ಕಳೆದ ಶುಕ್ರವಾರ ಬಸ್ಸು ಕೆರೆ ಏರಿಯ ಮೇಲೆ ಹೋಗುತ್ತಿದ್ದಾಗ ನೀರಿನ ಮೇಲೆಲ್ಲ ಮಂಜು ಹಬ್ಬಿತ್ತು. ಅಮ್ಮ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಮುಡಿದಿದ್ದ ಕಾಕಡ ಹೂವಿನ ಒಂದು ಎಸಳು ಉದುರಿ ನನ್ನ ಕೈಮೇಲೆ ಬಿತ್ತು. ಆ ಕ್ಷಣ ನನಗೆ, ಎಷ್ಟೋ ತಿಂಗಳ ಮೇಲೆ, ನಿಜವಾಗಿಯೂ ಸಂತೋಷವಾಯಿತು. ಮರುಕ್ಷಣವೇ ಒಳಗೆ ಚುರುಕ್ ಎಂದಿತು: ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆಂಬುದನ್ನೇ ಮರೆತೆನಲ್ಲ! ನೆಂಟರೆಲ್ಲ "ನಗುನಗುತ್ತಾ ಇರು, ಎಲ್ಲ ಸರಿಹೋಗುತ್ತದೆ" ಎನ್ನುತ್ತಾರೆ. ಸರಿಹೋಗದ ಕಾಯಿಲೆಯ ಮುಂದೆ ಆ ಮಾತು ಪ್ರಯೋಜನಕ್ಕೆ ಬರುವುದಿಲ್ಲ. ಇಂಥ ಸಂತೋಷವನ್ನು ನಾನು ಹತ್ತಿರ ಬಿಟ್ಟುಕೊಳ್ಳಬಹುದೇ? ಇದೇ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ತುಂಗೆಯ ದಡ:

ನಾನು ಮನಃಶಾಸ್ತ್ರ ಕಲಿಸುವವಳು. ನಿಮ್ಮ ಪ್ರಶ್ನೆಗೆ ಬಹಳ ಹತ್ತಿರವಾದ ಒಂದು ಅಧ್ಯಯನ ನೆನಪಾಯಿತು. ಸೂಸನ್ ಫೋಕ್ಮನ್ ಎಂಬ ಸಂಶೋಧಕಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಏಡ್ಸ್‌ನಿಂದ ಸಾಯುತ್ತಿದ್ದ ತಮ್ಮ ಸಂಗಾತಿಗಳ ಆರೈಕೆ ಮಾಡುತ್ತಿದ್ದವರನ್ನು ದೀರ್ಘಕಾಲ ಮಾತನಾಡಿಸಿ 1997ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಮೊದಮೊದಲು ಅವರು ಕೇಳುತ್ತಿದ್ದುದು ಕಷ್ಟಗಳನ್ನು ಮಾತ್ರ. ಬದುಕಿನಲ್ಲಿ ಒಳ್ಳೆಯದೂ ನಡೆಯುತ್ತಿದೆ, ಅದನ್ನೇಕೆ ಕೇಳುವುದಿಲ್ಲ ಎಂದು ಆಕ್ಷೇಪಿಸಿದವರು ಆರೈಕೆ ಮಾಡುತ್ತಿದ್ದವರೇ. ಕೇಳಿದ ಮೇಲೆ ಹೊರಬಂದದ್ದೆಲ್ಲ ತೀರಾ ಸಣ್ಣ ಸಂಗತಿಗಳು: ಹದವಾಗಿ ಬಂದ ಅಡುಗೆ, ಸ್ನೇಹಿತರೊಬ್ಬರ ಒಳ್ಳೆಯ ಮಾತು, ಇಂಥವು. ಅವರ ದುಃಖವೇನೂ ಕಡಿಮೆಯಿರಲಿಲ್ಲ. ಅದರ ಪಕ್ಕದಲ್ಲಿಯೇ ಇವೂ ಇದ್ದವು. ಒಂದು ಬಂದರೆ ಇನ್ನೊಂದು ಜಾಗ ಬಿಡಬೇಕೆಂದು ನಾವು ಎಣಿಸುತ್ತೇವೆ, ಅದು ಹಾಗಲ್ಲ. ಬಸ್ಸಿನಲ್ಲಿ ನೀವು ಅಮ್ಮನನ್ನು ಮರೆತಿರಲಿಲ್ಲ. ಅವರ ತಲೆ ನಿಮ್ಮ ಭುಜದ ಮೇಲಿತ್ತು. ಆ ಸಂತೋಷದೊಳಗೆ ಅವರೂ ಇದ್ದರು.

ಮಲೆನಾಡಿಗ:

ತಂಗಿ, ನನ್ನ ಹೆಂಡತಿ ಆರು ವರ್ಷ ಡಯಾಲಿಸಿಸ್‌ನಲ್ಲಿದ್ದಳು. ಕುಡಿಯುವ ನೀರಿಗೂ ಲೆಕ್ಕ: ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಸುಮಾರು ಅರ್ಧ ಲೀಟರ್. ಅಷ್ಟರೊಳಗೇ ಕಾಫಿಯೂ ಬರಬೇಕು. ಹಾಗಾಗಿ ದೊಡ್ಡ ಲೋಟವನ್ನು ಎತ್ತಿಟ್ಟು, ಮಗನ ಬಾಲ್ಯದ ಪುಟ್ಟ ಬೆಳ್ಳಿ ಲೋಟವನ್ನು ಹೊರತೆಗೆದಳು. ಮೊದಲ ಡಿಕಾಕ್ಷನ್ ಅವಳಿಗೇ ಮೀಸಲು. ಆ ಲೋಟ ಮುಗಿಸಲು ಅವಳಿಗೆ ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ನಾನೂ ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಮೂವತ್ತು ವರ್ಷದ ಸಂಸಾರದಲ್ಲಿ ನಾವು ಹಾಗೆ ಕುಳಿತೇ ಇರಲಿಲ್ಲ.

ಇನ್ನೊಂದು ಮಾತು. ತೋಳಿನಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ನ ಸೂಜಿ ಚುಚ್ಚಲೆಂದು ಎರಡು ರಕ್ತನಾಳಗಳನ್ನು ಸೇರಿಸಿದ ಜೋಡಣೆ, ಮಾಡಿದ್ದರೆ, ಅದರ ಮೇಲೆ ಬೆರಳಿಟ್ಟಾಗ ರಕ್ತ ಹರಿಯುವ ಅದುರು ಗುಂಯ್ ಎಂದು ಕೈಗೆ ತಾಕುತ್ತದೆ. ಅದು ನಿಂತರೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು. ಆದ್ದರಿಂದ ದಿನವೂ ನೋಡಬೇಕೆಂದು ವೈದ್ಯರು ಹೇಳಿದ್ದರು. ಮೊದಲು ಭಯದಿಂದ ನೋಡುತ್ತಿದ್ದೆ. ಬರಬರುತ್ತಾ ಬೆಳಗ್ಗೆ ಎದ್ದ ಕೂಡಲೇ ಅವಳೇ ಕೈ ಚಾಚುತ್ತಿದ್ದಳು, ನಾನು "ಇದೆ" ಎನ್ನುತ್ತಿದ್ದೆ. ನಮ್ಮ ದಿನ ಆರಂಭವಾಗುತ್ತಿದ್ದುದೇ ಆ ಒಂದು ಮಾತಿನಿಂದ.

ಎಲ್ಲ ದಿನವೂ ಹೀಗಿರಲಿಲ್ಲ. ಡಯಾಲಿಸಿಸ್ ಮುಗಿದ ಸಂಜೆ ಬಿ.ಪಿ. ಇಳಿದು ಗೋಡೆಯ ಕಡೆ ಮುಖ ಮಾಡಿ ಮಲಗಿದವಳಿಗೆ ನಾನು ಯಾವ ಚೆಲುವನ್ನೂ ತೋರಿಸಲು ಹೋಗಲಿಲ್ಲ. ಸುಮ್ಮನೆ ಕಾಲು ಒತ್ತುತ್ತಿದ್ದೆ. ನೀವೂ ಸಂತೋಷವನ್ನು ಹುಡುಕುವ ಕೆಲಸವನ್ನು ಮೈಮೇಲೆ ಹಾಕಿಕೊಳ್ಳಬೇಡಿ. ಈಗಿರುವ ಕೆಲಸಗಳೇ ಸಾಕಷ್ಟಿವೆ. ಆದರೆ ಬಸ್ಸಾರನ್ನು ಮಾತ್ರ ನಿಲ್ಲಿಸಬೇಡಿ. ನಿಮಗಾಗಿ ಮಾಡಿ, ಘಮ ನೋಡಿ ಹೇಳುವ ಕೆಲಸವನ್ನು ಅಮ್ಮನಿಗೆ ಕೊಡಿ.

ಬಿಳಿಕೊಡೆ:

ನಾನು ದಾದಿ. ಮೇಲಿನ ಮಾತುಗಳನ್ನೆಲ್ಲ ಒಪ್ಪುತ್ತೇನೆ, ಒಂದನ್ನಷ್ಟೇ ಸೇರಿಸುತ್ತೇನೆ. ಎರಡು ವಾರಗಳಾದರೂ ಯಾವುದೂ ಹಿತವೆನಿಸದಿದ್ದರೆ, ನಿದ್ದೆ, ಊಟ ಎರಡೂ ತಪ್ಪಿದ್ದರೆ, ಅದನ್ನು ಬರಿಯ ಆಯಾಸವೆಂದು ತಳ್ಳಿಹಾಕದೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. "ನಗುನಗುತ್ತಾ ಇರು" ಎನ್ನುವ ನೆಂಟರಲ್ಲಿ ಒಬ್ಬರನ್ನು ವಾರಕ್ಕೊಂದು ದಿನ ಬಸ್ಸು ಹತ್ತಿಸಿ. ಕೇಳಲು ಸಂಕೋಚಪಡಬೇಡಿ.

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ಬುಧವಾರದ ಸರದಿಗೆ ಚಿಕ್ಕಪ್ಪನ ಮಗ ಒಪ್ಪಿಕೊಂಡಿದ್ದಾನೆ. ಇಂದು ಭಾನುವಾರ, 14 ತಿಂಗಳ ಮೇಲೆ ನಮ್ಮ ಪಾಲಿಗೆ ಬಸ್ಸಾರು ಮಾಡಿದೆ. ಅಮ್ಮ ಬಾಗಿಲಲ್ಲಿ ಕುಳಿತೇ ಘಮ ನೋಡಿ, ಬೆಳ್ಳುಳ್ಳಿ ಸಾಲದು ಎಂದರು; ನಾಲ್ಕು ಎಸಳು ತರಿಸಿಕೊಂಡು ತಾವೇ ಜಜ್ಜಿ ಕೊಟ್ಟರು. ಬೆಳಗ್ಗೆ ಮಲೆನಾಡಿಗ ಅಣ್ಣ ಹೇಳಿದಂತೆ ಅವರ ತೋಳಿನ ಮೇಲೆ ಬೆರಳಿಟ್ಟೆ. "ಒಳಗೆ ಜೇನು ಕಟ್ಟಿದ ಹಾಗಿದೆಯಲ್ಲವೇನೇ?" ಎಂದರು.