ಕಬ್ಬಿನ ಹಾಲಿನ ವಿನೆಗರ್: ನೊರೆ ಇಳಿದಿದೆ, ಬ್ರಿಕ್ಸ್ (ಸಕ್ಕರೆಯ ಅಳತೆ) 4ರಲ್ಲೇ ನಿಂತಿದೆ. ಹುದುಗು ಕೆಟ್ಟಿತೇ?

ಪ್ರಶ್ನೆ (ಭಾಲ್ಕಿಯಿಂದ)

ಎಲ್ಲರಿಗೂ ಶರಣು. ನಮ್ಮ ಹೊಲದ ಕಬ್ಬಿನ ಹಾಲಿನಿಂದ ಮನೆಬಳಕೆಗೆ ವಿನೆಗರ್ ಮಾಡಲು ಇದೇ ಮೊದಲ ಸಲ ಕೈಹಾಕಿದ್ದೇನೆ. ಹಾಲನ್ನು ಕಾಯಿಸಿ, ಮೇಲೆ ಬಂದ ಕೊಳೆ ತೆಗೆದು, ಆರಿದ ಮೇಲೆ ನೀರು ಬೆರೆಸಿ ಬ್ರಿಕ್ಸ್ 12ಕ್ಕೆ ಇಳಿಸಿ, ಬೇಕರಿಯವರು ಬಳಸುವ ಒಣ ಈಸ್ಟ್ ಹಾಕಿದೆ. ಮೊದಲ ರಾತ್ರಿಯೇ ನೊರೆ ಡಬ್ಬದ ಕುತ್ತಿಗೆಯವರೆಗೆ ಉಕ್ಕಿತ್ತು. ಎರಡು-ಮೂರು ದಿನಗಳಲ್ಲಿ ಅದು ಪೂರ್ತಿ ಕುಸಿದು, ಒಳಗೋಡೆಯ ಮೇಲೆ ಕಂದು ಗೆರೆಯೊಂದು ಮಾತ್ರ ಉಳಿದಿದೆ. ತಳದಲ್ಲಿ ಕೆನೆಬಣ್ಣದ ಗಸಿ ಕೂತಿದೆ, ಮೂಸಿದರೆ ಕೊಳೆತ ಮೊಟ್ಟೆಯಂಥ ವಾಸನೆ ಸ್ವಲ್ಪ ಬರುತ್ತದೆ. ಕಬ್ಬಿನ ಸಿಹಿ ನೋಡಲು ಇಟ್ಟುಕೊಂಡಿರುವ ಕೈ ರಿಫ್ರ್ಯಾಕ್ಟೋಮೀಟರ್ 4 ತೋರಿಸುತ್ತಿದ್ದು, ನಿನ್ನೆಯಿಂದ ಕದಲಿಲ್ಲ. ಗಾಳಿ ತಾಗದಿರಲೆಂದು ಮುಚ್ಚಳವನ್ನು ಬಿಗಿದಿದ್ದೇನೆ. ಇನ್ನಷ್ಟು ಈಸ್ಟ್ ಹಾಕಬೇಕೇ, ಚೆಲ್ಲಿಬಿಡಬೇಕೇ, ದಯವಿಟ್ಟು ತಿಳಿಸಿ.

ಉತ್ತರ 1 (ಹುಮನಾಬಾದಿನಿಂದ)

ಮೊದಲು ಎದ್ದು ಹೋಗಿ ಮುಚ್ಚಳ ಸಡಿಲಿಸಿ ಬನ್ನಿ, ಉಳಿದದ್ದನ್ನು ಆಮೇಲೆ ಓದಿರಿ. 12 ಬ್ರಿಕ್ಸ್‌ನ ಒಂದು ಲೀಟರ್ ಹಾಲು ಪೂರ್ತಿ ಹುದುಗುವಷ್ಟರಲ್ಲಿ 30 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನೊರೆ ಇಳಿದ ಮೇಲೂ ಅದರ ಕೊನೆಯ ಪಾಲು ಬರುತ್ತಲೇ ಇರುವುದರಿಂದ, ಬಿಗಿದ ಡಬ್ಬ, ಅದರಲ್ಲೂ ಗಾಜಿನದಾದರೆ, ಒಡೆದು ಮೈಮೇಲೆ ಸಿಡಿಯಬಹುದು.

ನಿಮ್ಮ ಹುದುಗು ಕೆಟ್ಟಿಲ್ಲ, ಬಹುಮಟ್ಟಿಗೆ ಮುಗಿದಿದೆ ಎಂದೇ ನನ್ನ ಅಭಿಪ್ರಾಯ. ರಿಫ್ರ್ಯಾಕ್ಟೋಮೀಟರ್ ಅಳೆಯುವುದು ದ್ರವದಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು. ಗಾಣದಿಂದ ಬಂದ ಹಸಿ ಹಾಲಿನಲ್ಲಿ ಅದು ಸಕ್ಕರೆಗೆ ಸರಿಹೊಂದುತ್ತದೆ. ಆದರೆ ಮದ್ಯಸಾರವೂ ಬೆಳಕನ್ನು ನೀರಿಗಿಂತ ಹೆಚ್ಚು ಬಾಗಿಸುವುದರಿಂದ, ಹುದುಗಿದ ಹಾಲಿನಲ್ಲಿ ಇಲ್ಲದ ಸಕ್ಕರೆಯನ್ನೂ ಇದೆಯೆಂದು ತೋರಿಸುತ್ತದೆ. 12ರಿಂದ ಶುರುವಾದದ್ದು 3–4ರ ಆಸುಪಾಸಿನಲ್ಲಿ ನಿಂತಿತೆಂದರೆ ಸಕ್ಕರೆ ಹೆಚ್ಚುಕಡಿಮೆ ಖಾಲಿಯಾಗಿದೆ ಎಂದರ್ಥ. ಖಚಿತಪಡಿಸಿಕೊಳ್ಳಲು ತೇಲುವ ಹೈಡ್ರೋಮೀಟರ್ ತಂದು ನೋಡಿರಿ: ಮೊದಲ ದಿನ ಸುಮಾರು 1.048 ಇದ್ದಿರಬೇಕಾದ ಸಾಂದ್ರತೆ (ನೀರಿನದು 1.000) ಈಗ 1.000ದ ಹತ್ತಿರ ಇದ್ದು, ಮಾರನೆಯ ದಿನವೂ ಅಷ್ಟೇ ಇದ್ದರೆ ಈಸ್ಟಿನ ಕೆಲಸ ಮುಗಿದಂತೆಯೇ.

ಉತ್ತರ 2 (ಬೀದರಿನಿಂದ)

ಮೇಲಿನವರು ಹೇಳಿದ್ದು ಸರಿಯಾಗಿದೆ. ಮತ್ತೆ ಈಸ್ಟ್ ಹಾಕುವ ಅಗತ್ಯವಿಲ್ಲ. ಗಸಿ ಎಂದು ನೀವು ಬರೆದದ್ದು ತಳಕ್ಕಿಳಿದ ಈಸ್ಟೇ.

ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಸಾರಜನಕದ ಪೋಷಣೆ ಸಾಲದಾದಾಗ ಅಥವಾ ಸೆಕೆ ಹೆಚ್ಚಾದಾಗ ಈಸ್ಟ್ ಅದನ್ನು ಬಿಡುತ್ತದೆ, ಸಾಮಾನ್ಯವಾಗಿ ಅದು ತಾನಾಗಿಯೇ ಹೋಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಹಾಸುಗಲ್ಲಿನ ಮೇಲಿಟ್ಟ ಡಬ್ಬ 40 ಡಿಗ್ರಿ ಮುಟ್ಟಿದರೆ ಈಸ್ಟ್ ಬಳಲುತ್ತದೆ. ಒಳಕೋಣೆಯ ನೆಲದ ಮೇಲಿಟ್ಟು ಸುತ್ತ ಒದ್ದೆ ಗೋಣಿತಟ್ಟು ಕಟ್ಟಿರಿ. ಮುಂದಿನ ಸಲ ಕಬ್ಬು ಕಡಿದ ದಿನವೇ ಹಾಲು ತೆಗೆಯಿರಿ. ಕಡಿದು ಬಿಸಿಲಿನಲ್ಲಿ ಬಿಟ್ಟ ಕಬ್ಬಿನಲ್ಲಿ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಬೆಳೆದು ಹಾಲು ಲೋಳೆಯಾಗುತ್ತದೆ, ಆ ಲೋಳೆ ಕಾಯಿಸಿದರೂ ಹೋಗುವುದಿಲ್ಲ.

ಉತ್ತರ 3 (ಕಲಬುರಗಿಯಿಂದ)

ಗಾಳಿಯ ಬಗ್ಗೆ ಒಂದು ಮಾತು. ಇಲ್ಲಿಯವರೆಗೆ ಗಾಳಿಯನ್ನು ದೂರವಿಟ್ಟಿರಿ, ಇನ್ನು ಮುಂದೆ ಬೇಕಾದದ್ದೇ ಅದು, ಏಕೆಂದರೆ ಮದ್ಯಸಾರವನ್ನು ಹುಳಿಯಾಗಿಸುವ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಕೆಲಸ ಮಾಡುವುದಿಲ್ಲ. ತಿಳಿಯನ್ನು ಗಸಿಯಿಂದ ಬೇರ್ಪಡಿಸಿ ಅಗಲ ಬಾಯಿಯ ಗಾಜಿನ ಇಲ್ಲವೇ ಪಿಂಗಾಣಿಯ ಜಾಡಿಗೆ ಬಗ್ಗಿಸಿರಿ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಬೇಡವೇ ಬೇಡ. ಕಾಯಿಸದ, ಸೋಸದ ವಿನೆಗರನ್ನು ನಾಲ್ಕು ಪಾಲಿಗೆ ಒಂದು ಪಾಲಿನಂತೆ ಬೆರೆಸಿ, ಬಾಯಿಗೆ ತೆಳುಬಟ್ಟೆ ಕಟ್ಟಿರಿ. ಈ ವಿನೆಗರನ್ನು ಈಸ್ಟಿನ ಜೊತೆಗೇ ಹಾಕಿದ್ದರೆ ಆ ಹುಳಿಗೆ ಈಸ್ಟ್ ಕುಗ್ಗುತ್ತಿತ್ತು, ಈಗ ಹಾಕಲು ತಕ್ಕ ಸಮಯ. ನೀರು ಬೆರೆಸಿದ್ದು ಒಳ್ಳೆಯದೇ ಆಯಿತು: ನಿಮ್ಮಲ್ಲಿ ಸುಮಾರು 6 ಪ್ರತಿಶತ ಮದ್ಯಸಾರ ಇರಬಹುದು, ನೀರಿಲ್ಲದೆ ಇಟ್ಟಿದ್ದರೆ ಅದು 10ರ ಹತ್ತಿರ ಹೋಗಿ ಹುಳಿಯಾಗುವುದು ನಿಧಾನವಾಗುತ್ತಿತ್ತು.

ಕೆಲವು ವಾರಗಳಲ್ಲಿ ಮೇಲೆ ನುಣುಪಾದ ಪೊರೆ ಕಟ್ಟಿದರೆ ಹೆದರಬೇಡಿ. ಹಸಿರು ಅಥವಾ ಕಪ್ಪು ಬೂಷ್ಟು ಬಂದರೆ ಮಾತ್ರ ಪೂರ್ತಿ ಚೆಲ್ಲಿರಿ.