ಘಾಟಿ ಏರೋಕೆ ಡಮ್ಮಿ ಎಂಜಿನ್ ಎಲ್ಲಿ ಹಾಕ್ಬೇಕು?

ಮಹಡಿ_ಘಾಟಿ:
ನಮಸ್ಕಾರ ಎಲ್ಲರಿಗೂ. ಮಹಡಿ ರೂಮಿನಲ್ಲಿ ಎಚ್‌ಒ (ನಿಜದ 87ನೇ ಒಂದು ಭಾಗ) ಅಳತೆಯಲ್ಲಿ ಮಾದರಿ ರೈಲಿಗೆ ಒಂದು ಸಣ್ಣ ಘಾಟಿ ಕಟ್ಟಿದ್ದೇನೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಇರೋ ಹಾಗೆ 50ಕ್ಕೆ 1 ಏರು, ಅಂದ್ರೆ ಮೀಟರಿಗೆ 2 ಸೆಂ.ಮೀ. ಎಂಜಿನ್ ಮೂರೂ ಅಮೆರಿಕದ ಎಫ್7 ಡೀಸೆಲ್ ಮಾದರಿ (ನಮ್ಮ ಘಾಟಿಗೆ ಒಪ್ಪಲ್ಲ, ಗೊತ್ತು, ಬೈಬೇಡಿ, ಅಣ್ಣ ಅಲ್ಲಿಂದ ತಂದುಕೊಟ್ಟಿದ್ದು). ಎರಡಕ್ಕೆ ಮೋಟರ್, ಡಿಕೋಡರ್ (ಕಂಟ್ರೋಲರಿನ ಆದೇಶದಂತೆ ಮೋಟರ್ ಓಡಿಸೋ ಚಿಪ್) ಇವೆ. ಮೂರನೆಯದರ ಮೋಟರ್ ಸುಟ್ಟುಹೋಗಿತ್ತು, ಬಿಚ್ಚಿ ತೆಗೆದು ಡಮ್ಮಿ ಮಾಡಿದೆ. ಅದನ್ನು ಮುಂದೆ ಹಾಕಿದ್ರೆ ಪಾಯಿಂಟ್ಸ್ (ಹಳಿ ಕವಲೊಡೆಯೋ ಜಾಗ) ಹತ್ತಿರ ಹಳಿ ತಪ್ಪುತ್ತದೆ. ಹಿಂದೆ ಹಾಕಿದ್ರೆ 9 ವ್ಯಾಗನ್ ಏರಲ್ಲ, ಚಕ್ರ ಸುಮ್ನೆ ಗಿರಗಿರ ಅಂತದೆ. ಎರಡನೇ ಮೋಟರ್ ಎಂಜಿನ್ನನ್ನು ಚಾಲೂ ಮಾಡದೆ ಜೊತೆಗೆ ಸೇರಿಸಿ ನೋಡಿದೆ, ಇನ್ನೂ ಕಷ್ಟ ಆಯ್ತು!

ಹಳಿಮನೆ:
ಕೊನೆಯದು ಯಾಕೆ ಅಂತ ಮೊದಲು ಹೇಳ್ತೀನಿ. ಮೋಟರ್ ಇರೋ ಎಂಜಿನ್ ನಿಂತಿದ್ರೆ ಅದು ಡಮ್ಮಿ ಅಲ್ಲ ಸಾರ್, ಬ್ರೇಕು. ಒಳಗೆ ವರ್ಮ್ ಗೇರ್ ಇದೆ, ಮೋಟರ್ ಚಕ್ರ ತಿರುಗಿಸುತ್ತದೆ, ಚಕ್ರ ಮೋಟರ್ ತಿರುಗಿಸೋಕಾಗಲ್ಲ. ಹಾಗಾಗಿ ಅದು ಹಳಿ ಮೇಲೆ ಜಾರುತ್ತಾ ಬರುತ್ತದೆ.
ಡಮ್ಮಿಯನ್ನು ಯಾವಾಗಲೂ ಎಳೆಸಿ, ತಳ್ಳಿಸಬೇಡಿ. ತಳ್ಳುವಾಗ ಕಪ್ಲಿಂಗ್ ಒಂದು ಪಕ್ಕಕ್ಕೆ ಒತ್ತುತ್ತದೆ, ಹಗುರ ಇದ್ರೆ ಅಲ್ಲೇ ಮಲಗುತ್ತದೆ. ತೂಕ ನೋಡಿದ್ದೀರಾ? ಎಚ್‌ಒ ವ್ಯಾಗನ್ನಿಗೆ ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಲೆಕ್ಕ 1 ಔನ್ಸ್, ಜೊತೆಗೆ ಇಂಚಿಗೆ ಅರ್ಧ ಔನ್ಸ್. ಡಮ್ಮಿಗೂ ಅದೇ ಹಿಡಿಯಿರಿ. 7 ಇಂಚಿನ ಎಂಜಿನ್ನಿಗೆ 128 ಗ್ರಾಂ ಹತ್ತಿರ. ಜಾಸ್ತಿ ತುಂಬಬೇಡಿ, ಆ ಭಾರ ಹೊರೋದು ಮುಂದಿನ ಎಂಜಿನ್ನೇ ಅಲ್ವಾ.

ಗೇರ್_ಗೌಡ:
ಮೋಟರ್ ತೆಗೆದ್ರಿ ಸರಿ, ಗೇರ್? ಆ 50ಕ್ಕೆ 1 ಏರಿನ ಮೇಲೇ ಡಮ್ಮಿ ಒಂದನ್ನೇ ಇಟ್ಟು ಬಿಡಿ. ತಾನೇ ಉರುಳದಿದ್ರೆ ಬೋಗಿಯೊಳಗಿನ (ಎಂಜಿನ್ ಅಡಿಯ ಚಕ್ರದ ಚೌಕಟ್ಟು) ಗೇರ್ ಕಳಚಿ.
ಇನ್ನು ಮೋಟರ್ ಇರೋ ಎರಡನ್ನೂ ಓಡಿಸಿ, ಯಾಕೆ ಮಲಗಿಸ್ತೀರಿ? ಮೊದಲು ಕಪ್ಲಿಂಗ್ ಹಾಕದೆ ಒಂದು ಗೇಣು ಅಂತರದಲ್ಲಿ ಬಿಡಿ. ಒಂದನ್ನೊಂದು ಹಿಡಿದ್ರೆ ಡಿಕೋಡರಿನ ಸಿವಿ (ಸೆಟ್ಟಿಂಗ್) 2, 6, 5, ಅಂದ್ರೆ ಶುರುವಿನ, ನಡುವಿನ, ಗರಿಷ್ಠ ವೇಗ ತಿದ್ದಿ ಸರಿಮಾಡಿ. ನಾನು ಇದನ್ನು ಮಾಡದೆ ಎರಡು ತಿಂಗಳು ಕಪ್ಲಿಂಗ್ ಮುರಿದುಕೊಂಡಿದ್ದೆ. ಆಮೇಲೆ ಎರಡೂ ಒಟ್ಟಿಗೆ ಓಡೋಕೆ ಎರಡಕ್ಕೂ ಸಿವಿ19ರಲ್ಲಿ ಒಂದೇ ನಂಬರ್, ಉದಾಹರಣೆಗೆ 12. ಬೆನ್ನು ತಿರುಗಿಸಿ ನಿಂತಿರೋದಕ್ಕೆ 128 ಕೂಡಿಸಿ 140.

ಮಹಡಿ_ಘಾಟಿ:
ಗೇರೇ ಕಳ್ಳ! ಡಮ್ಮಿ ಏರಿನ ಮೇಲೆ ಕಲ್ಲಿನ ಹಾಗೆ ನಿಂತಿತ್ತು, ಕಳಚಿದ ಮೇಲೆ ಜಾರಿ ಗೋಡೆಗೇ ಹೋಗಿ ಗುದ್ದಿತು. ಈಗ ಮೋಟರಿನವು ಎರಡು ಮುಂದೆ, ಡಮ್ಮಿ ಮೂರನೆಯದು, 9 ವ್ಯಾಗನ್ನೂ ಏರ್ತಾ ಇವೆ. ಘಾಟಿ ಅಂದ್ಮೇಲೆ ಹಿಂದೆ ಬ್ಯಾಂಕರ್ (ಹಿಂದಿನಿಂದ ತಳ್ಳೋ ಎಂಜಿನ್) ಬೇಕು, ಡಮ್ಮಿಯನ್ನು ಅಲ್ಲಿ ಹಾಕಬಹುದಾ?

ಹಳಿಮನೆ:
ಹಾಕಿ, ಅದೇ ಬೆಸ್ಟ್. ತಳ್ಳೋ ಹಾಗೆ ಕಾಣುತ್ತದೆ, ನಿಜಕ್ಕೂ ಬಾಲದ ಹಾಗೆ ಎಳೆಸಿಕೊಂಡು ಬರುತ್ತದೆ. ಮೋಟರಿನದನ್ನು ಮಾತ್ರ ಹಿಂದೆ ಹಾಕಬೇಡಿ, ಸ್ವಲ್ಪ ಜೋರಾಗಿ ಹೋದ್ರೂ ತಿರುವಿನಲ್ಲಿ ನಡುವಿನ ಖಾಲಿ ವ್ಯಾಗನ್ ಎದ್ದು ಬೀಳುತ್ತವೆ.